ನಲವತ್ತಾರನೆಯ ಕ್ಲಿಪ್

ಫೆಬ್ರವರಿ 8, ಬೆಳಿಗ್ಗೆ
ಸೂಪರ್‌ಚಾರ್ಜರಿನ ನೀರಿನ ಲೈನು ಮುಗಿಯಿತು. ಇಂಜಿನ್ನಿಗೊಂದು ನೀರು, ಸೂಪರ್‌ಚಾರ್ಜರಿಗೆ ಬೇರೆ ನೀರು — ಒಂದೇ ಮನೆಯಲ್ಲಿ ಎರಡು ಒಲೆ. ಗಾಳಿಯನ್ನು ಅದುಮಿ ಇಂಜಿನ್ನಿಗೆ ತುರುಕುವುದು ಅದರ ಕೆಲಸವಂತೆ. ಅದುಮಿದ ಗಾಳಿ ಕಾಯುತ್ತದಂತೆ. ಅದನ್ನು ತಣಿಸಲು ಇನ್ನೊಂದು ಪಂಪು, ಇನ್ನೊಂದು ಪುಟ್ಟ ರೇಡಿಯೇಟರು. ಇಷ್ಟನ್ನು ನನ್ನ ತಲೆಗೆ ತುಂಬಲು ಭಾವನಿಗೆ ಮೂರು ಭಾನುವಾರ ಬೇಕಾಯಿತು. ಮೂವತ್ತು ವರ್ಷ ಮನೆಮನೆಗೆ ನಲ್ಲಿ ಹಾಕಿದವನು ನಾನು. ನನಗೆ ಪೈಪು ಅಂದರೆ ಪೈಪು.

ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಿಟ್ ಕಾರು ಇದು. ಎರಡು ವರ್ಷವಾಯಿತು, ಭಾವನ ಶೆಡ್ಡಿನಲ್ಲಿ ಜೋಡಿಸುತ್ತಲೇ ಇದ್ದೇವೆ. ಅಕ್ಕ ಅದಕ್ಕೆ ಇಟ್ಟಿರುವ ಹೆಸರು ಸವತಿ.

ಭಾವ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಿಂದ ರಿಟೈರ್ ಆದವರು. ಕೆಲಸ ಹೋದರೂ ಚಾಳಿ ಹೋಗಿಲ್ಲ. ಪೈಪಿಗೆ ಕ್ಲಿಪ್ ಹಾಕಿ ಬಿಗಿ ಮಾಡಿದವನು ಬಿಳಿ ಪೇಂಟಿನ ಚುಕ್ಕೆ ಇಡಬೇಕು. ಇನ್ನೊಬ್ಬ ಪರೀಕ್ಷೆ ಮಾಡಿ ಹಳದಿ ಇಡಬೇಕು. ಎರಡನ್ನೂ ಒಬ್ಬನೇ ಇಡುವಂತಿಲ್ಲ. "ಮಾಡ್ದೋನ್ ಕಣ್ಣಿಗೆ ತನ್ನ ತಪ್ಪು ಕಾಣಲ್ಲ ಕಣೋ" ಅನ್ನುತ್ತಾರೆ. ಒಟ್ಟು ನಲವತ್ತಾರು ಕ್ಲಿಪ್. ಬಿಳಿ ನನ್ನದು, ಹಳದಿ ಅವರದು.

ಫೆಬ್ರವರಿ 12
ನಾಳೆ ಅಕ್ಕನ ಕಣ್ಣಿನ ಆಪರೇಷನ್. ಭಾವ ಹೊರಡುವ ಗಡಿಬಿಡಿಯಲ್ಲೇ ಟಾರ್ಚ್ ಹಿಡಿದು ಹಳದಿ ಇಡುತ್ತಾ ಬಂದರು. ನಲವತ್ತೈದು ಆಯಿತು. ಇಂಜಿನ್ನಿನ ಬೆನ್ನಿಗೆ, ಕೈ ಸರಿಯಾಗಿ ಹೋಗದ ಜಾಗದಲ್ಲಿ, ಪೆಟ್ರೋಲ್ ಲೈನಿನದ್ದೊಂದು ಉಳಿಯಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಕೂಗಿದಳು — "ಆಪರೇಷನ್ ನಂಗೋ, ನಿಮ್ ಸವತಿಗೋ?" ಬ್ರಷ್ಷನ್ನು ಅಲ್ಲೇ ಬಿಟ್ಟು ಓಡಿದರು.

ಫೆಬ್ರವರಿ 14, ಮಧ್ಯಾಹ್ನ 3
ಎಡವಟ್ಟಾಗಿದೆ. ಆ ಹಿಂದಿನ ಪೆಟ್ರೋಲ್ ಪೈಪನ್ನು ಅಳೆಯುವಾಗ ಬಾಗು ಬಿಟ್ಟಿಲ್ಲ. ತಂತಿಯ ಹಾಗೆ ಬಿಗಿಯಾಗಿ ನಿಂತಿದೆ. ಇಂಜಿನ್ ಅಲುಗಿದರೆ ಕಿತ್ತುಕೊಂಡು ಬರುತ್ತದೆ. ಕತ್ತರಿಸಿ ತೆಗೆದೆ. ಪೆಟ್ರೋಲಿನ ರಬ್ಬರ್ ಪೈಪು ಮುಗಿದಿದೆ. ಅಂಗಡಿಯವನು ಮುಂದಿನ ವಾರ ಅನ್ನುತ್ತಾನೆ.

ಸೂಪರ್‌ಚಾರ್ಜರಿನ ನೀರಿನ ರಬ್ಬರ್ ಪೈಪು ಒಂದು ಗೇಣು ಉಳಿದಿತ್ತು. ಅದೇ ದಪ್ಪ. ಅದೇ ಕಪ್ಪು. ಅದನ್ನೇ ಹಾಕಿದೆ. ಮೇಲೆ ಸ್ಟೀಲ್ ಜಾಲರಿ ಎಳೆದೆ. ದೇವರೇ ಬಂದು ನೋಡಿದರೂ ಗೊತ್ತಾಗುವುದಿಲ್ಲ.

ಸದ್ಯಕ್ಕೆ ಅಷ್ಟೆ. ಹೊಸದು ಬಂದ ದಿನ ಬದಲಾಯಿಸುತ್ತೇನೆ.

ಅದೇ ದಿನ, ಸಂಜೆ
ಅಕ್ಕನ ಫೋನ್. "ಇವ್ರು ಆಸ್ಪತ್ರೇಲಿ ಕೂತ್ಕೊಂಡು ಕಾರಿಂದೇ ಜಪ ಮಾಡ್ತಿದಾರೆ ಕಣೋ. ಬಂದ ತಕ್ಷಣ ಸ್ಟಾರ್ಟ್ ಮಾಡ್ತಾರಂತೆ. ಎಲ್ಲಾ ಆಗಿದ್ಯಾ?"
"ಎಲ್ಲಾ ಆಗಿದೆ ಅನ್ನು" ಎಂದೆ.

ಫೋನ್ ಇಟ್ಟು ಬಿಳಿ ಇಟ್ಟೆ. ಹಳದಿ ಬ್ರಷ್ ಅಲ್ಲೇ ಬಿದ್ದಿತ್ತು. ಭಾವ ಟಾರ್ಚ್ ಹಿಡಿದು ಅಲ್ಲಿ ಬಗ್ಗಿದರೆ ಬಾಗು ನೋಡುತ್ತಾರೆ, ಜಾಲರಿ ಸರಿಸುತ್ತಾರೆ, ರಬ್ಬರನ್ನು ಮೂಸಿಯೂ ನೋಡುತ್ತಾರೆ. ಅವರ ಬುದ್ಧಿ ನನಗೆ ಗೊತ್ತು. ಹಳದಿ ಇದ್ದರೆ ಬಗ್ಗುವುದಿಲ್ಲ.

ಇಟ್ಟೆ.

ಫೆಬ್ರವರಿ 16, ಬೆಳಿಗ್ಗೆ 11
ಭಾವ ಬಂದವರು ಶೂ ಕೂಡ ಬಿಚ್ಚದೆ ಶೆಡ್ಡಿಗೆ ನುಗ್ಗಿದರು. ಚುಕ್ಕೆ ಎಣಿಸಿದರು. ನಲವತ್ತಾರು. ತಡೆದು ನಿಂತರು.
"ಹಿಂದಿಂದು ನಾನ್ ನೋಡಿದ್ನಾ?"
"ನೋಡಿದ್ರಲ್ಲ ಭಾವ. ಅಕ್ಕ ಕೂಗ್ತಿದ್ಲು ನೋಡಿ, ಆವಾಗ."
ನಕ್ಕುಬಿಟ್ಟರು. "ನಿಮ್ಮಕ್ಕ ಕೂಗಿದ್ರೆ ನನ್ನ ಹೆಸರೇ ಮರ್ತುಹೋಗತ್ತೆ, ಇನ್ನು ಕ್ಲಿಪ್ ಯಾವ ಲೆಕ್ಕ?"

ಮೂರನೇ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ಸೂಪರ್‌ಚಾರ್ಜರಿನ ಸಣ್ಣ ಸಿಳ್ಳೆ. ಭಾವ ನನ್ನ ತಲೆ ಹಿಡಿದು ಹಣೆಗೆ ಮುತ್ತು ಕೊಟ್ಟರು. ಐವತ್ತೆಂಟು ವರ್ಷದವನಿಗೆ!

ನನಗೆ ಸಂತೋಷವಾಗಲಿಲ್ಲ ಎಂದು ಬರೆದರೆ ಸುಳ್ಳು. ಆಯಿತು. ಅದೇ ಈಗ ನಾಚಿಕೆ.

ಫೆಬ್ರವರಿ 22
ಪೆಟ್ರೋಲ್ ಪೈಪು ಬಂತು. ತಂದು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಭಾವ ಕಾರು ಬಿಟ್ಟು ಅಲ್ಲಾಡುವುದಿಲ್ಲ. ಅವರೆದುರಿಗೆ ಬದಲಾಯಿಸಿದರೆ ಯಾಕೆ ಎಂದು ಹೇಳಬೇಕು. ನಾಳೆ.

ಫೆಬ್ರವರಿ 25
ನಾಳೆ.

ಮಾರ್ಚ್ 5
ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಭಾವ ಅಕ್ಕನನ್ನು ಮೊದಲ ಸಲ ಕಾರಿನಲ್ಲಿ ಕೂರಿಸಿಕೊಂಡು ಹೊರಟಿದ್ದರು. ಅಕ್ಕನಿಗೆ ಆಪರೇಷನ್ನಿನ ಕಪ್ಪು ಕನ್ನಡಕ, ಮೇಲೆ ಸ್ಕಾರ್ಫು. "ಸವತಿ ಜೊತೆ ರಾಜಿ ಆಯ್ತು" ಎಂದು ನನಗೆ ಕೈ ಬೀಸಿದಳು. ಬೀದಿಯ ತುದಿ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ. ಆಮೇಲೆ ಬೆಂಕಿ. ನಾನು ಓಡಿದೆ. ಅಕ್ಕನ ಬೆಲ್ಟ್ ಬಿಚ್ಚಿಕೊಳ್ಳಲಿಲ್ಲ. ಭಾವ ಎಡಗೈಯನ್ನು ಬೆಂಕಿಯೊಳಗೆ ತೂರಿಸಿ ಬಿಚ್ಚಿದರು, ಅವಳನ್ನು ಹೊರಗೆಳೆದರು. ಎದುರು ಅಂಗಡಿಯವರು ಬೆಂಕಿ ನಂದಿಸುವ ಸಿಲಿಂಡರ್ ತಂದು ಆರಿಸಿದರು.

ಅಕ್ಕನಿಗೆ ಏನೂ ಆಗಿಲ್ಲ. ಭಾವನ ಎಡಗೈ ಮಣಿಕಟ್ಟಿನವರೆಗೆ ಸುಟ್ಟಿದೆ.

ನೀರಿನ ರಬ್ಬರು ಪೆಟ್ರೋಲ್ ಕುಡಿದರೆ ಊದಿಕೊಂಡು ಮೆತ್ತಗಾಗುತ್ತದಂತೆ. ಕ್ಲಿಪ್ ಎಷ್ಟು ಬಿಗಿ ಇದ್ದರೂ ಜಾರುತ್ತದಂತೆ. ಇವತ್ತು ಪೈಪಿನ ಅಂಗಡಿಯವನನ್ನು ಕೇಳಿದೆ. ಇಷ್ಟು ದಿನ ಯಾಕೆ ಕೇಳಲಿಲ್ಲ? ಕೇಳಿದರೆ ಹೇಳುತ್ತಾನೆ ಎಂದು ಗೊತ್ತಿತ್ತು, ಅದಕ್ಕೆ.

ಮಾರ್ಚ್ 7, ಸಂಜೆ
ಪೈಪು ಸುಟ್ಟು ಇದ್ದಿಲು. ಯಾವ ಪೈಪೆಂದು ಯಾರಿಗೂ ಗೊತ್ತಾಗುವ ಹಾಗಿಲ್ಲ. ಕ್ಲಿಪ್ ಮಾತ್ರ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು. ಅರ್ಧ ಕಪ್ಪು. ಇನ್ನರ್ಧದಲ್ಲಿ ಹಳದಿ ಉಳಿದಿದೆ.

ಭಾವ ಅದನ್ನು ಬಲಗೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಬಯ್ಯುತ್ತಾರೆ, ಹೇಳಿಬಿಡೋಣ ಎಂದು ಹೋದೆ. ಅವರು ತಲೆ ಎತ್ತಿ ಅಂದದ್ದು ಬೇರೆ.
"ಚುಕ್ಕೆ ನಂದೇ. ನೋಡಿದ ನೆನಪೇ ಇಲ್ಲ ಕಣೋ. ಎಷ್ಟು ಯೋಚ್ನೆ ಮಾಡಿದ್ರೂ ಇಲ್ಲ."
ಕ್ಲಿಪ್ಪನ್ನು ಹೊರಳಿಸಿ ನೋಡಿದರು.
"ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ಮಾಡಿದ್ದು ನೆನಪಿರ್ತಿರ್ಲಿಲ್ಲ. ಕೊನೇಗೆ ಮಗಳನ್ನೇ 'ಯಾರಮ್ಮ ನೀನು' ಅಂದ."

ಕೈ ಸುಟ್ಟುಕೊಂಡವರು ಅವರು, ಅಪರಾಧಿಯೂ ಅವರೇ. ನಾನು ಟೀ ತಂದುಕೊಡಲೇ ಎಂದು ಕೇಳಿದೆ. ಟೀ!

ಮಾರ್ಚ್ 20
ಅಕ್ಕ ನನ್ನ ಮನೆಗೇ ಬಂದಿದ್ದಳು. ಭಾವ ಗ್ಯಾಸ್ ಆಫ್ ಆಗಿದೆಯೇ ಎಂದು ನಾಲ್ಕು ಸಲ ಎದ್ದು ನೋಡುತ್ತಾರಂತೆ. ಗೋಡೆ ತುಂಬ ಚೀಟಿ ಅಂಟಿಸಿದ್ದಾರಂತೆ — ಗ್ಯಾಸ್, ಬೀಗ, ಮಾತ್ರೆ, ನಲ್ಲಿ. ಡ್ರೈವಿಂಗ್ ನಿಲ್ಲಿಸಿದ್ದಾರೆ. ಮೊಮ್ಮಗಳನ್ನು ಎತ್ತಿಕೊಳ್ಳುವುದಿಲ್ಲ, ಎಲ್ಲಾದರೂ ಬಿಟ್ಟು ಮರೆತುಬಿಟ್ಟರೆ ಎಂದು.

"ಕಾರು ಹೋದ್ರೆ ಹೋಗ್ಲಿ ಕಣೋ. ಮನುಷ್ಯನೇ ಹೋಗ್ತಿದಾರೆ. ನಿನ್ ಮಾತು ಕೇಳ್ತಾರೆ, ನೀನೇ ಏನಾದ್ರೂ ಹೇಳು."

ಬೆಂಕಿಯನ್ನು ಉಡಿಯಲ್ಲಿ ಕಟ್ಟಿಕೊಂಡವನ ಹತ್ತಿರವೇ ಬಂದು ನೀರು ಕೇಳುತ್ತಿದ್ದಾಳೆ. ಹೇಳುತ್ತೇನೆ ಅಕ್ಕ ಎಂದೆ. ಹೇಳಲಿಲ್ಲ.

ಏಪ್ರಿಲ್ 2
ಮರೆವಿನ ಡಾಕ್ಟರ ಹತ್ತಿರ ಹೋಗಿದ್ದೆವು. ಅಕ್ಕ ಬೇಡ, ನೀನೇ ಬಾ ಎಂದು ಭಾವನೇ ಕರೆದರು. ಕಾಯುವ ಕೋಣೆಯಲ್ಲಿ ಹಿಡಿದ ನನ್ನ ತೋಳನ್ನು ಒಳಗೆ ಹೋದ ಮೇಲೂ ಬಿಡಲಿಲ್ಲ.

ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಏಳೇಳು ಕಳೆಯಿರಿ ಎಂದರು. ಕೆಲಸದಲ್ಲಿ ಸಾವಿರದಲ್ಲೊಂದು ಭಾಗದ ವ್ಯತ್ಯಾಸ ಹಿಡಿಯುತ್ತಿದ್ದವರು, ತೊಂಬತ್ತಮೂರಕ್ಕೆ ಬಂದು ಹೆದರಿ ನನ್ನ ಮುಖ ನೋಡಿದರು.

ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇವ್ರ ಜೊತೆ ಹೆಚ್ಚು ಹೊತ್ತು ಇರೋರು ನೀವಂತೆ. ನಿಮ್ಗೇನಾದ್ರೂ ಕಂಡಿದ್ಯಾ? ಮರೆಯೋದು ಗಿರೆಯೋದು?"

ಇಲ್ಲ ಎಂದರೆ ಸಾಕಿತ್ತು. ಇಲ್ಲ ಎಂದರೆ, ಹಾಗಾದರೆ ಆ ಕ್ಲಿಪ್ಪಿಗೆ ಹಳದಿ ಹೇಗೆ ಬಂತು ಎಂದು ಭಾವ ಕೇಳುತ್ತಾರೆ.

"ಒಂದೊಂದ್ಸಲ" ಎಂದೆ.

ಡಾಕ್ಟರಮ್ಮ ಬರೆದುಕೊಂಡರು. ಭಾವ ತಲೆ ಆಡಿಸಿದರು, ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಇನ್ನಷ್ಟು ಪರೀಕ್ಷೆ ಬರೆದುಕೊಟ್ಟಿದ್ದಾರೆ.

ಏಪ್ರಿಲ್ 3
ಮೊದಲು ಅವರ ಕೈ ಸುಟ್ಟೆ. ನಿನ್ನೆ ಏನು ಸುಟ್ಟೆ ಎಂದು ನನಗೆ ಗೊತ್ತು. ಇದಕ್ಕಿಂತ ಕೀಳು ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಏಪ್ರಿಲ್ 11, ಮಧ್ಯಾಹ್ನ 2
ಹೇಳಿದೆ. ಬೆಳಿಗ್ಗೆ ಹೋಗಿ, ಕೂರುವ ಮೊದಲೇ ಹೇಳಿದೆ. ಪೈಪು, ಜಾಲರಿ, ಬ್ರಷ್ಷು, ಎಲ್ಲ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ ಎಂದು ನಿಂತೇ ಇದ್ದೆ.

ಭಾವ ತಮ್ಮ ಸುಟ್ಟ ಕೈಯನ್ನು ನೋಡಿಕೊಂಡರು. ಆಮೇಲೆ, "ಅಂದ್ರೆ… ನಾನು ಅದನ್ನ ನೋಡೇ ಇರ್ಲಿಲ್ವಾ?"
"ಇಲ್ಲ ಭಾವ."
"ಮರ್ತಿದ್ದಲ್ಲ?"
"ಮರ್ತಿದ್ದಲ್ಲ."

ಎದ್ದರು. "ಲೇ! ನಂಗೇನೂ ಆಗಿಲ್ಲ ಕಣೇ! ನನ್ ತಲೆ ಸರಿಯಾಗೇ ಇದೆ!" ಎಂದು ಅಡುಗೆಮನೆಗೆ ಕೂಗಿದರು. ನಗುತ್ತಿದ್ದರು, ಕಣ್ಣಲ್ಲಿ ನೀರು. ಪೈಪಿನ ಬಗ್ಗೆ ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನನ್ನನ್ನು ನೋಡಿದಳು. ಒಳಗೆ ಹೋದಳು.

ಭಾವ ಗೋಡೆಯ ಚೀಟಿಗಳನ್ನು ಕೀಳತೊಡಗಿದರು. ಗ್ಯಾಸ್. ಬೀಗ. ಸುಟ್ಟ ಕೈಯಲ್ಲಿ ಉಗುರು ಹಾಕಲಾಗದೆ ಬಲಗೈಯಿಂದ ಎಬ್ಬಿಸುತ್ತಿದ್ದರು. ನಾನೂ ಕೀಳಲು ಹೋದೆ. ಮೂರನೆಯದನ್ನು ಕಿತ್ತವರು ಹಾಗೆಯೇ ನಿಂತುಬಿಟ್ಟರು. ನಗು ಮೆಲ್ಲಗೆ ಇಳಿಯಿತು.

"ಅವತ್ತು ಡಾಕ್ಟರಮ್ಮ ನಿನ್ನೇ ಕೇಳಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ. ನಿನ್ ತೋಳು ಹಿಡ್ಕೊಂಡು." ನನ್ನ ಕಡೆ ತಿರುಗಿದರು. "ಒಂದೊಂದ್ಸಲ ಅಂದ್ಯಲ್ಲ. ಅದನ್ನ ಯಾಕೋ ಅಂದೆ?"

ನಾನು ಹೇಳಿದ್ದು — "ಇಲ್ಲ ಅಂದಿದ್ರೆ ಹಳದಿ ಯಾರು ಇಟ್ಟಿದ್ದು ಅಂತ ಕೇಳ್ತಿದ್ರಿ ಭಾವ, ಸಿಕ್ಕಿಬೀಳ್ತಿದ್ದೆ."