ವಿಮೆಯ ಹುಡುಗಿ ಕೇಳಿದ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ತಂಗಿಯನ್ನು ನೋಡಲು ವಿದೇಶಕ್ಕೆ ಹೊರಟಿದ್ದೇವಲ್ಲ, ಇವತ್ತು ಪ್ರವಾಸ ವಿಮೆಯ ಹುಡುಗಿ ಫೋನ್ ಮಾಡಿ ಯಜಮಾನರ ಕಾಯಿಲೆಗಳನ್ನು ವಿಚಾರಿಸಿದಳು.

"ನನಗೇನಮ್ಮಾ, ಗುಂಡುಕಲ್ಲಿನ ಹಾಗಿದ್ದೀನಿ" ಎಂದರು.

ಮಾತ್ರೆ ಡಬ್ಬಿ ತಂದು ಮುಂದಿಟ್ಟೆ. ಬಿಪಿ, ಶುಗರ್, ಎರಡು ಸ್ಟೆಂಟ್ ಎಂದು ಒಂದೊಂದಾಗಿ ಒಪ್ಪಿಕೊಂಡರು.

"ಇತ್ತೀಚೆಗೆ ತಲೆ ಸುತ್ತಿ ಬಿದ್ದಿದ್ರಾ ಸಾರ್? ಮುಚ್ಚಿಟ್ರೆ ಕ್ಲೇಮ್ ಸಿಗಲ್ಲ."

ಇವರು ನನಗೆ ಬೆನ್ನು ತಿರುಗಿಸಿ, "ಹೋದ ತಿಂಗಳು, ಕಟಿಂಗ್ ಶಾಪಲ್ಲಿ. ಮನೇಲಿ ಹೇಳಿಲ್ಲಮ್ಮ, ನೀನೂ ಹೇಳ್ಬೇಡ" ಎಂದು ಪಿಸುಗುಟ್ಟಿದರು. ಫೋನು ಸ್ಪೀಕರಿನಲ್ಲಿತ್ತು. ನಾನು ಎರಡಡಿ ದೂರದಲ್ಲಿ ನಿಂತಿದ್ದೆ.

ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಹೇಳದ್ದನ್ನು ಆ ಹುಡುಗಿ ಐದೇ ನಿಮಿಷದಲ್ಲಿ ಬಾಯಿ ಬಿಡಿಸಿದಳು. ನಾಳೆ ಮೊದಲು ಡಾಕ್ಟರು, ಆಮೇಲೆ ವಿಮೆ.

ಚೆನ್ನಾಗಿ ಬೈಯೋಣವೆಂದು ಕೋಣೆಗೆ ಹೋದರೆ ಗಾಢ ನಿದ್ದೆಯಲ್ಲಿದ್ದಾರೆ. ಉಸಿರಾಡುತ್ತಿದ್ದಾರಾ ಎಂದು ಆಗಲೇ ಮೂರು ಸಲ ಬಗ್ಗಿ ನೋಡಿ ಬಂದೆ. ಇನ್ನೊಂದು ಸಲ ನೋಡಿ ಬರುತ್ತೇನೆ.