ಗಡ್ಡೆ ಎಡಕ್ಕೆ

ಶೆಡ್ಡಿನ ಮೇಜಿನಿಂದ
ಗುರುವಾರ, ಸಂಜೆ ಐದೂಕಾಲು

ಅಕ್ಕಾ,

ಮೊದಲು ‘ಪ್ರೀತಿಯ’ ಅಂತ ಬರೆದು ಹೊಡೆದು ಹಾಕಿದ್ದೇನೆ. ಹಾಳೆ ಬದಲಿಸುವಷ್ಟು ತಾಳ್ಮೆ ಇವತ್ತು ಉಳಿದಿಲ್ಲ, ಕಂಡರೆ ಕಾಣಲಿ. ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪನ ಬೆರಕೆ ಗಾಡಿಯನ್ನು ಮೊದಲ ಸಲ ನಾಲ್ಕೂ ಚಕ್ರದಲ್ಲಿ ಓಡಿಸಿದೆ. ಹತ್ತು ಗಂಟೆ ಒಂದು ನಿಮಿಷಕ್ಕೆ ಅದು ಮುರಿದು ನಿಂತಿತು. ಆಮೇಲೆ ನಾಲ್ಕೂವರೆಯ ತನಕ ಅದರ ಕೆಳಗೆ ಮಲಗಿದ್ದೆ. ಮಧ್ಯಾಹ್ನ ಊಟ ಮಾಡಲಿಲ್ಲ. ಈಗ ಕೈ ತೊಳೆದುಕೊಂಡು ನಿನಗೆ ಬರೆಯುತ್ತಿದ್ದೇನೆ. ಗ್ರೀಸ್ ಪೂರ್ತಿ ಹೋಗಿಲ್ಲ.

ನಿನ್ನ ಸೊಂಟ ಹೇಗಿದೆ? ಡಿಪೋದಲ್ಲಿ ನಿನ್ನ ಕೈಲಿ ಬಸ್ಸಿನ ಟೈರು ಎತ್ತಿಸುತ್ತಾರಂತೆ, ಅಮ್ಮ ಹೇಳಿದಳು. ಒಬ್ಬಳೇ ಎತ್ತಬೇಡ, ಪಕ್ಕದವರನ್ನು ಕರಿ. ಕರೆಯುವ ಬುದ್ಧಿ ನಿನಗೆ ಯಾವತ್ತೂ ಇರಲಿಲ್ಲ. ಅಮ್ಮನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಗೋಡೆಗೆ ಬೈಯುತ್ತಾಳೆ. ನನಗೆ ವೆಲ್ಡಿಂಗಿನಿಂದ ಕಣ್ಣುರಿ. ನೀನು ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳಿದೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಎಂಟು ತಿಂಗಳಿಂದ ನಾನು ಎತ್ತಿದಾಗಲೆಲ್ಲ ನಿನ್ನ ಬಾಯಿಂದ ‘ಅಮ್ಮಂಗೆ ಕೊಡು’ ಅನ್ನುವ ಎರಡು ಪದ ಬಿಟ್ಟು ಮೂರನೆಯದು ಕೇಳಿಲ್ಲ. ಈ ಕಾಗದವನ್ನು ಹಾಗೆ ಅಮ್ಮನ ಕೈಗೆ ದಾಟಿಸುವುದಕ್ಕೆ ಆಗುವುದಿಲ್ಲ. ಓದಲೇಬೇಕು.

ನಾನು ಅಪ್ಪನ ಗಾಡಿ ಮುಗಿಸಲು ಹೊರಟಿದ್ದು ನಿನಗೆ ಗೊತ್ತೇ ಇದೆ, ಅಮ್ಮ ಹೇಳದೆ ಇರುವವಳಲ್ಲ. ನೀನು ಹೋಗುವಾಗ ಅದು ನಾಲ್ಕು ಇಟ್ಟಿಗೆ ಕಂಬದ ಮೇಲೆ ಕೂತ ಬರೀ ಚಾಸಿ. ಹಳೇ ಸರಕು ಗಾಡಿಯ ಚಾಸಿ, ಮಿನಿಬಸ್ಸಿನ ಎಂಜಿನ್ನು, ಅದೇ ಕಂಪನಿಯ ದೊಡ್ಡ ಮಾಡೆಲಿನ ಮುಂದಿನ ಆಕ್ಸಲ್ಲು, ಇನ್ಯಾವುದೋ ಗಾಡಿಯ ಹಿಂದಿನದು. ‘ಒಂದೇ ಕಂಪನಿ ಗಾಡಿಗಳು ದಾಯಾದಿಗಳಿದ್ದ ಹಾಗೆ ಕಣ್ರೋ, ಮಾತು ಬಿಟ್ಟಿದ್ರೂ ಬೋಲ್ಟು ಕೂಡತ್ತೆ’ ಅನ್ನುತ್ತಿದ್ದನಲ್ಲ ಅಪ್ಪ. ಅಮ್ಮ ಅದಕ್ಕೆ ಬೆರಕೆ ಅಂತ ಹೆಸರಿಟ್ಟದ್ದು ಬೈಗುಳವಾಗಿ, ಅವನು ಅದನ್ನೇ ಬಾನೆಟ್ಟಿನ ಮೇಲೆ ಬಣ್ಣದಲ್ಲಿ ಬರೆದ. ಹಳ್ಳದಲ್ಲಿ ಎಷ್ಟು ನೀರಿದ್ದರೂ ಈಚೆಯವರನ್ನು ಆಚೆಯ ಆಸ್ಪತ್ರೆಗೆ ಒಯ್ಯುವ ಗಾಡಿ ಆಗಬೇಕಿತ್ತು ಅದು. ಆಗುವ ಮೊದಲು ಅವನಿಗೇ ಬೇಕಾಯಿತು.

ನಾನು ಗೇಟು, ಕಿಟಕಿ ಸರಳು ಬೆಸೆಯುವವನು. ಎಂಜಿನ್ನಿನ ಹೊಟ್ಟೆ ನೋಡಿದವನಲ್ಲ. ಅಪ್ಪನ ಜೊತೆ ಹನ್ನೆರಡು ವರ್ಷ ಆ ಶೆಡ್ಡಿನಲ್ಲಿ ನಿಂತವಳು ನೀನು. ಯಾವ ಗಾಡಿಯ ಯಾವ ಅಂಗ ಯಾವುದಕ್ಕೆ ಕೂಡುತ್ತದೆ ಅಂತ ಅವನು ಬರೆದಿಟ್ಟ ಅಳತೆ ಪುಸ್ತಕ ಒಂದೇ ಒಂದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ನೀನು ಬಸ್ಸು ಹತ್ತಿದೆ. ಯಾಕೆ? ನೆನಪಿಗೆ ಅಂದರೆ ಅವನ ಕನ್ನಡಕ ಇತ್ತು, ಗಡಿಯಾರ ಇತ್ತು, ಮೂಸಿದರೆ ಅವನ ವಾಸನೆ ಬರುವ ಖಾಕಿ ಅಂಗಿ ಇತ್ತು. ಗಾಡಿ ಕಟ್ಟದವಳಿಗೆ ಅಳತೆ ಪುಸ್ತಕ ಯಾತಕ್ಕೆ? ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೀಯಾ? ಅಮ್ಮನ ಹತ್ತಿರ ಮೂರು ಸಲ ಕೇಳಿಸಿದೆ. ಮೂರು ಸಲವೂ ‘ನೋಡ್ತೀನಿ’ ಅಂದೆಯಂತೆ. ಏನು ನೋಡುವುದಿತ್ತು?

ಹಾಗಾಗಿ ನನಗೆ ಉಳಿದಿದ್ದು ಶೆಡ್ಡಿನ ಗೋಡೆ. ಅಪ್ಪ ಸೀಮೆಸುಣ್ಣದಲ್ಲಿ ಬರೆದ ಹನ್ನೊಂದು ಸಾಲು. ಮೂರನೆಯ ಸಾಲು, ಮುಂದಿನ ಆಕ್ಸಲ್ಲಿನದು: ‘ಗಡ್ಡೆ ಎಡಕ್ಕೆ’. ಗಡ್ಡೆ ಅಂದರೆ ಆಕ್ಸಲ್ಲಿನ ನಡುವೆ ಹಲ್ಲುಚಕ್ರ ಕೂರುವ ಉಬ್ಬು, ಅದು ಗೊತ್ತಿತ್ತು. ಆದರೆ ಇಟ್ಟು ನೋಡಿದರೆ ಗಡ್ಡೆ ಬಲಕ್ಕೆ ಬರುತ್ತಿತ್ತು. ಎರಡು ದಿನ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಯೋಚಿಸಿದೆ. ಅಪ್ಪ ಎಡಕ್ಕೆ ಅಂದಿದ್ದಾನೆ, ಅಂದರೆ ಎಡಕ್ಕೇ ಬರಬೇಕು. ಬರಬೇಕಾದರೆ ಆಕ್ಸಲ್ಲನ್ನು ತಲೆಕೆಳಗು ಮಾಡಬೇಕು. ಇದೇ ಅಪ್ಪನ ಗುಟ್ಟು ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಹೊತ್ತು ಹೆಮ್ಮೆಯಾಯಿತು. ನಿನ್ನ ಪುಸ್ತಕವಿಲ್ಲದೆ ನಾನೇ ಕಂಡುಹಿಡಿದೆ ಅಂತ. ತಲೆಕೆಳಗು ಮಾಡಿದರೆ ಚಕ್ರ ಹೊರಳುವ ಗೆಣ್ಣುಗಳೂ ತಲೆಕೆಳಗಾಗುತ್ತವೆ. ಅವನ್ನು ಕತ್ತರಿಸಿ ನೆಟ್ಟಗೆ ಮಾಡಿ ಮತ್ತೆ ಬೆಸೆದೆ. ಹದಿನಾರು ದಿನ. ಒಂದೊಂದು ಬೆಸುಗೆಯನ್ನೂ ಅಮ್ಮ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಕೊಟ್ಟಳು. ಆಮೇಲೆ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಂಚುವ ಫೋರ್ ವೀಲ್ ಡಬ್ಬಿ, ಅದೂ ಎಡಕ್ಕೆ ಬಾಯಿ ಇರುವುದು, ಹುಡುಕಿ ಗುಜರಿ ಮಾವನ ರಾಶಿಯನ್ನೆಲ್ಲ ಕೆದಕಿದೆ. ‘ಬಲಕ್ಕಿರೋದು ಬೇಕಾದಷ್ಟಿದೆ, ಎಡಕ್ಕೇ ಯಾಕೋ ಹಟ?’ ಅಂತ ಮಾವ ಕೇಳಿದ. ಅಪ್ಪ ಹೇಳಿದ್ದಾನೆ ಅಂದೆ. ಅಪ್ಪನ ಹೆಸರು ಬಂದದ್ದೇ ಮಾವ ತಾನೂ ರಾಶಿಗೆ ಕೈ ಹಾಕಿ ಹುಡುಕಿಕೊಟ್ಟ.

ಯಾಕಿಷ್ಟು ಹಟ ಅಂತ ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ಎಂಟು ತಿಂಗಳಿಂದ ಈ ಮಾತು ನನ್ನೊಳಗೆ ಹಾಗೇ ಕೂತಿದೆ. ಆವತ್ತು ಅಪ್ಪನಿಗೆ ಎದೆ ಹಿಡಿದುಕೊಂಡಾಗ ನಮ್ಮ ವ್ಯಾನಿನ ಸ್ಟೀರಿಂಗಿಗೆ ಕೂತಿದ್ದು ನೀನು. ಹಿಂದೆ ಅಪ್ಪನ ಕಾಲು ಹಿಡಿದುಕೊಂಡು ಮಂಡಿಯೂರಿದ್ದು ನಾನು. ದಾರಿ ಒಡೆಯುವ ಜಾಗ ಬಂತು. ಎಡಕ್ಕೆ ಹೋದರೆ ನೀರು ಬಂದ ಹಳ್ಳ, ದಾಟಿದರೆ ಹತ್ತು ನಿಮಿಷಕ್ಕೆ ಆಸ್ಪತ್ರೆ. ಬಲಕ್ಕೆ ಹೋದರೆ ಸುತ್ತು ದಾರಿ, ಮುಕ್ಕಾಲು ಗಂಟೆ. ಅಪ್ಪ ಬಾಯಿ ಬಿಟ್ಟು ಹೇಳಿದ, ‘ಎಡಕ್ಕೆ ತಗೋ’. ನಾನು ಕೇಳಿದೆ, ನೀನೂ ಕೇಳಿದೆ. ಕೇಳಿ ಬಲಕ್ಕೆ ತಿರುಗಿಸಿದೆ. ನಾನು ಕೂಗಿಕೊಂಡೆ, ನೀನು ಹಿಂದೆ ತಿರುಗಿ ನೋಡಲಿಲ್ಲ. ಇಟ್ಟಿಗೆ ಗೂಡು ದಾಟುವಾಗ ಅಪ್ಪನ ಕಾಲು ನನ್ನ ಕೈಯಲ್ಲಿ ಭಾರವಾಯಿತು. ಮರುದಿನ ಎಲ್ಲರ ಎದುರಿಗೆ ನಾನು ಅಂದದ್ದು ಅಷ್ಟೇ: ‘ಅಪ್ಪ ಎಡಕ್ಕೆ ಅಂದ, ಇವಳು ಬಲಕ್ಕೆ ಹೊಡೆದಳು.’ ನೀನು ‘ಅಪ್ಪ ಹೇಳಿದ ಕಡೆಗೇ ಹೋದೆ’ ಅಂದೆ. ಸುಳ್ಳಿ ಅಂತ ನಾನು ಕಿರುಚಿದೆ. ವಾರಕ್ಕೆ ನೀನು ಪುಸ್ತಕ ತಗೊಂಡು ಹೊರಟೆ. ಆವತ್ತೇ ತೀರ್ಮಾನ ಮಾಡಿದೆ: ಬೆರಕೆ ಮುಗಿಸುತ್ತೇನೆ, ಆ ಎಡಗಡೆ ದಾರಿಯಲ್ಲೇ ಹಳ್ಳಕ್ಕೆ ಇಳಿಸಿ ಆಚೆ ಹತ್ತುತ್ತೇನೆ, ದಾಟಬಹುದಿತ್ತು ಅಂತ ನಿನಗೆ ತೋರಿಸುತ್ತೇನೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಕಟ್ಟಿದ ಗಾಡಿ ಇದು. ಒಂದು ಬೋಲ್ಟನ್ನೂ ಸಮಾಧಾನದಲ್ಲಿ ತಿರುಗಿಸಿಲ್ಲ.

ಈಗ ಇವತ್ತಿನದು ಕೇಳು. ಗುಜರಿ ಮಾವ ನೋಡುವುದಕ್ಕೆ ಬಂದಿದ್ದ, ಅಮ್ಮ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ಹಿಂದಿನ ಎರಡು ಚಕ್ರದಲ್ಲಿ ಅಂಗಳ ಎರಡು ಸುತ್ತು ಹಾಕಿದೆ, ಬೆಣ್ಣೆಯ ಹಾಗೆ ಓಡಿತು. ನಿಲ್ಲಿಸಿ ಫೋರ್ ವೀಲ್ ಹಾಕಿ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಮುಂದಕ್ಕೆ ತಳ್ಳುತ್ತಿದೆ, ಮುಂದಿನ ಚಕ್ರ ಹಿಂದಕ್ಕೆ ಎಳೆಯುತ್ತಿದೆ! ಗಾಡಿ ನಿಂತಲ್ಲೇ ಕಪ್ಪೆಯ ಹಾಗೆ ಕುಪ್ಪಳಿಸಿತು. ನಾಲ್ಕು ಕುಪ್ಪಳಿಕೆಗೆ ಮುಂದಿನ ಶಾಫ್ಟಿನ ಕೀಲು, ಆ ಕ್ರಾಸು, ಪಟಾರನೆ ಸಿಡಿದು ಅಮ್ಮನ ತುಳಸಿ ಕುಂಡ ಒಡೆಯಿತು. ‘ಇದೇನೋ, ಗಂಡ ಹೆಂಡ್ತಿ ಜಗಳ ಆಡ್ದಂಗೆ ಆಡ್ತದೆ’ ಅಂದಳು ಅಮ್ಮ. ಮಾವ ಬಗ್ಗಿ ಕೆಳಗೆ ನೋಡಿದ, ಎದ್ದ, ಹಳೇ ಟೈರಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ‘ಲೇ ಕಿಡಿ, ಕೆಳಗಿರ್ಬೇಕಾದ ಎಣ್ಣೆ ಬೋಲ್ಟು ಮೇಲೆ ಬಂದಾಗ್ಲೂ ನಿಂಗೆ ಅನುಮಾನ ಬರ್ಲಿಲ್ವೇನೋ? ಗಡ್ಡೆ ತಲೆಕೆಳಗು ಮಾಡಿದ್ರೆ ಚಕ್ರ ಉಲ್ಟಾ ತಿರುಗ್ದೆ ಇನ್ನೇನ್ ಮಾಡತ್ತೆ?’

ಗೋಡೆ ತೋರಿಸಿದೆ. ಓದಿ ನೋಡು ಮಾವ, ಎಡಕ್ಕೆ ಅಂತ ಅಪ್ಪನೇ ಬರೆದಿದ್ದಾನೆ ಅಂದೆ. ಆಗ ಮಾವ ನಗು ನಿಲ್ಲಿಸಿದ. ‘ಅದು ನಿಮ್ಮಪ್ಪನ ಎಡ ಕಣೋ’ ಅಂದ. ‘ಆ ಮನುಷ್ಯ ಹುಟ್ಟಿದಾಗಿಂದ ಗಾಡಿ ಎದುರಿಗೆ ನಿಂತವನು, ಬಾನೆಟ್ಟೊಳಗೆ ತಲೆ ಇಟ್ಟವನು. ಸೀಟಲ್ಲಿ ಕೂತೋನ ಎಡ ಅವನಿಗೆ ಯಾವತ್ತು ಬೇಕಿತ್ತು? ಅವನ ಎಡ ಅಂದ್ರೆ ಡ್ರೈವರ್ ಬಲ. ಪುಸ್ತಕದ ಮೊದಲ್ನೇ ಪುಟದಲ್ಲೇ ಬರ್ದಿದಾನೆ. ಗೇಟಿನ ಕಂಬ ಯಾಕೆ ಆ ಪಾಟಿ ಜಜ್ಜಿದೆ ಅಂದ್ಕೊಂಡಿದೀಯ? ಎದುರಿಗೆ ನಿಂತು ಎಡಕ್ಕೆ ಎಡಕ್ಕೆ ಅಂತಿದ್ದ, ಬಂದೋರೆಲ್ಲ ಅವರ ಎಡಕ್ಕೆ ತಿರುಗಿಸಿ ಕಂಬಕ್ಕೆ ಗುದ್ತಿದ್ರು. ನಿಮ್ಮಕ್ಕ ಒಬ್ಳೇ ಒಂದ್ಸಲಾನೂ ಗುದ್ಲಿಲ್ಲ.’

ಗೊತ್ತಾಯಿತೇ? ಮೊದಲನೇ ಪುಟ! ನೀನು ಚೀಲಕ್ಕೆ ತುರುಕಿಕೊಂಡು ಹೋದ ಪುಸ್ತಕದ ಮೊದಲನೇ ಪುಟ. ಒಂದು ಸಾಲು ಓದಿ ಹೇಳಿದ್ದರೆ ನನ್ನ ಹದಿನಾರು ದಿನ ಉಳಿಯುತ್ತಿತ್ತು. ಆಕ್ಸಲ್ಲು ಮೊದಲಿದ್ದ ಹಾಗೇ ಸರಿಯಾಗಿತ್ತು. ಅಪ್ಪ ತಂದಿಟ್ಟದ್ದನ್ನು ತಂದಿಟ್ಟ ಹಾಗೇ ಎತ್ತಿ ಕೂರಿಸಿದ್ದರೆ ಸಾಕಿತ್ತು. ಸರಿ ಇದ್ದದ್ದನ್ನು ನಾನು ಕೈಯಾರೆ ಕತ್ತರಿಸಿ ತಪ್ಪು ಮಾಡಿ, ಬಿಚ್ಚಲಾಗದ ಹಾಗೆ ಬೆಸೆದಿದ್ದೇನೆ. ನನ್ನ ಬೆಸುಗೆ ಬಿಡುವುದಿಲ್ಲ ಅಂತ ಊರಿಗೇ ಗೊತ್ತು. ಈಗ ಅದನ್ನು ನಾನೇ ಕಟ್ಟರ್ ಹಿಡಿದು ಬಿಡಿಸಬೇಕು. ನಿನಗೆ ಒಂದು ಪುಸ್ತಕ ಕಳಿಸುವುದು ಅಷ್ಟು ಕಷ್ಟವಾಯಿತಾ? ಸಿಟ್ಟು ನನ್ನ ಮೇಲೆ ತಾನೇ? ಗಾಡಿ ಏನು ಮಾಡಿತ್ತು?

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅವಳು ಈಗ ಒಡೆದ ಕುಂಡದ ಗಿಡವನ್ನು ಎಣ್ಣೆ ಡಬ್ಬಿಗೆ ನೆಡುತ್ತಿದ್ದಾಳೆ. ಗುಜರಿ ಮಾವ ಕೇಳಿದ ಅಂತ ಬರೆಯಲು ಹೇಳಿದ. ಚಿಕ್ಕವನು ನಾನು, ನಮಸ್ಕಾರ ಅಂತ ಬರೆಯಬೇಕು. ಬರೆದಿದ್ದೇನೆ ಅಂತ ತಿಳಿದುಕೋ.

ನಿನ್ನ ತಮ್ಮ,
ಕಿಡಿ

ಮರೆತದ್ದು, ಏಳು ಗಂಟೆ. ಲಕೋಟೆ ಅಂಟಿಸಿ ಮತ್ತೆ ಕಿತ್ತಿದ್ದೇನೆ. ಹರಿದಿದ್ದರೆ ಅದಕ್ಕೇ.

ಅಂಟಿಸುವಾಗ ಗೇಟಿನ ಕಂಬದ ಜಜ್ಜು ಕಣ್ಣೆದುರಿಗೇ ಇತ್ತು. ಎದ್ದು ಹೋಗಿ ವ್ಯಾನಿನ ಹಿಂದಿನ ಬಾಗಿಲು ತೆಗೆದೆ. ಆವತ್ತಿನಿಂದ ಅದನ್ನು ಯಾರೂ ತೆಗೆದಿರಲಿಲ್ಲ, ಅಪ್ಪನ ಒಂದು ಚಪ್ಪಲಿ ಅಲ್ಲೇ ಇದೆ. ಆವತ್ತು ಅವನು ಹೇಗೆ ಒರಗಿದ್ದನೋ ಹಾಗೆ ಕೂತೆ. ಬೆನ್ನು ನಿನ್ನ ಸೀಟಿಗೆ, ಕಾಲು ಬಾಗಿಲ ಕಡೆಗೆ. ಮುಖ ಹಿಂದಕ್ಕೆ, ಅಕ್ಕಾ. ಕೂತು ಎಡಗೈ ಎತ್ತಿದೆ. ಅದು ನಿನ್ನ ಸೀಟಿನ ಬಲ, ಸುತ್ತು ದಾರಿಯ ಕಡೆ. ನಾನು ಅವನ ಎದುರಿಗಿದ್ದೆ, ನನ್ನ ಎಡವೇ ಎಡ ಅಂದುಕೊಂಡೆ. ಆ ವ್ಯಾನಿನ ಹೊಟ್ಟೆ ಎಷ್ಟು ತಗ್ಗು ಅಂತ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂವರನ್ನೂ ಹಳ್ಳಕ್ಕೆ ಇಳಿಸುವುದು ಅವನಿಗೆ ಬೇಡವಾಗಿತ್ತು. ಅವನು ಹೇಳಿದ ಕಡೆಗೇ ನೀನು ಹೋಗಿದ್ದು. ಸುಳ್ಳಿ ಅಂದದ್ದು ನಾನು, ಎಲ್ಲರ ಎದುರಿಗೆ. ಆವತ್ತು ಇದ್ದವರ ಮನೆಗಳಿಗೆಲ್ಲ ನಾನೇ ಹೋಗಿ ಹೇಳುತ್ತೇನೆ. ಗುಜರಿ ಮಾವನಿಗೆ, ಅಮ್ಮನಿಗೆ ಈಗಷ್ಟೇ ಹೇಳಿದೆ. ಅಮ್ಮ ಡಬ್ಬಿಗೆ ಮಣ್ಣು ಹಾಕುವುದನ್ನು ನಿಲ್ಲಿಸಲಿಲ್ಲ.

ಒಂದು ಮಾತಿಗೆ ಮಾತ್ರ ಇನ್ನೂ ಸಿಟ್ಟಿದೆ. ‘ಅಪ್ಪನ ಎಡ’ ಅಂತ ಎರಡು ಪದ ನನ್ನ ಕಿವಿ ಹಿಂಡಿ ಹೇಳಬಾರದಿತ್ತಾ? ನಾನು ಕೇಳುತ್ತಿರಲಿಲ್ಲ. ಆದರೂ ಹೇಳಬೇಕಿತ್ತು.

ಪುಸ್ತಕ ನಿನ್ನ ಹತ್ತಿರವೇ ಇರಲಿ. ತರುವುದಾದರೆ ನೀನೇ ತಗೊಂಡು ಬಾ. ಮೇಲೆ ಹೊಡೆದು ಹಾಕಿದ ಪದವನ್ನು ಹೊಡೆದೇ ಇಲ್ಲ ಅನ್ನುವ ಹಾಗೆ ಓದಿಕೋ.

ನಾಳೆ ಬೆಳಿಗ್ಗೆ ಎಂಟಕ್ಕೆ ಮಾವ ಜ್ಯಾಕಿ ತರುತ್ತಾನೆ. ಮುಂದಿನ ಆಕ್ಸಲ್ಲು ಇಳಿಸುತ್ತೇವೆ.