ತೆರೆದ ಬಾಯಿ

ಮತ್ತಿಕೆರೆ
ಫೆಬ್ರುವರಿ ೧೬, ೨೦೨೫

ನರಸಿಂಹಯ್ಯಣ್ಣನವರಿಗೆ,

ರಾಧಾಮಣಿಯ ನಮಸ್ಕಾರಗಳು. ಹೋದ ಭಾನುವಾರ ಅಟ್ಟೂರಿನಲ್ಲಿ, ನಂದಕುಮಾರ್ ಮನೆಯ ತಾರಸಿಯ ಮೇಲೆ, ಊಟದ ನಡುವೆ ಎದ್ದು ಹೇಳದೆ ಕೇಳದೆ ಹೊರಟುಬಿಟ್ಟೆನಲ್ಲ, ಯಾಕೆಂದು ತಿಳಿಸೋಣವೆಂದು ಈ ಕಾಗದ. ಆವತ್ತಿನಿಂದ ನೀವು ಫೋನ್ ಮಾಡುತ್ತಲೇ ಇದ್ದೀರಿ. ಫಿರಂಗಿಯ ಪಕ್ಕ ನಿಂತು ಕಿವಿ ಕಳೆದುಕೊಂಡವರ ಜೊತೆ ಫೋನಿನಲ್ಲಿ ಮಾತಾಡಿದರೆ ನಮ್ಮ ಮನೆಯಲ್ಲಿ ಪಿ.ಜಿ. ಎಂದು ಬಾಡಿಗೆಗಿರುವ ಹುಡುಗಿಯರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇದು ಕೂಗಿ ಹೇಳುವ ಮಾತಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀವು ಅದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿಬಿಡುತ್ತೀರಿ, ನಿಮ್ಮ ಬೆರಳಿನ ಮೇಲೆ ನನಗೆ ನಂಬಿಕೆಯಿಲ್ಲ. ಗಂಗರತ್ನಮ್ಮಕ್ಕನ ಕೈಲಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ನಿಮ್ಮ ಮೇಲೆ ನನಗೆ ಇಷ್ಟು ವರ್ಷ ಸಿಟ್ಟಿತ್ತು. ಕಾರ್ಗಿಲ್ ಯುದ್ಧ ಮುಗಿದ ಮೇಲೆ ನೀವು ರಜೆಯಲ್ಲಿ ಬಂದವರು ನೇರವಾಗಿ ನಮ್ಮ ಮನೆಗೆ ಬಂದಿರಿ. ಜಗಲಿಯ ಮೇಲೆ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, "ಅಶ್ವತ್ಥ್ ಒಂದ್ ಮಾತೂ ಆಡ್ಲಿಲ್ಲಮ್ಮ, ನೋವು ಅನ್ನೋದೇ ಗೊತ್ತಾಗ್ಲಿಲ್ಲ ಅವನಿಗೆ" ಎಂದಿರಿ. ನಾನು ಎದ್ದು ಒಳಗೆ ಹೋದೆ. ಒಂದು ಲೋಟ ಕಾಫಿಯನ್ನೂ ಕೊಡದೆ ನಿಮ್ಮನ್ನು ಕಳಿಸಿದೆ. ಆಮೇಲೆ ನೀವು ಎಷ್ಟು ಸಲ ಕರೆದರೂ ಬರಲಿಲ್ಲ. ನಿಮ್ಮ ಫಿರಂಗಿಯ ಹುಡುಗರೆಲ್ಲ ಒಬ್ಬರನ್ನೊಬ್ಬರು ಹುಡುಕಿಕೊಂಡು ವರ್ಷ ವರ್ಷ ಸೇರುತ್ತೀರೆಂದು ಗೊತ್ತಿದ್ದರೂ ಬರಲಿಲ್ಲ. ನೀವು ಹೇಳಿದ್ದು ಸುಳ್ಳೆಂದು ನನಗೆ ಖಾತ್ರಿಯಿತ್ತು. ಯಾಕೆಂದರೆ ನಮ್ಮವರು ಮನೆಗೆ ಬಂದಾಗ ಅವರ ಬಾಯಿ ತೆರೆದಿತ್ತು.

ಇದು ನಿಮಗೆ ಗೊತ್ತಿಲ್ಲ. ಹೊಗೆಯಲ್ಲಿ, ಗುಂಡು ಬೀಳುತ್ತಿರುವಾಗ ಅವರನ್ನು ಎತ್ತಿ ಕಳಿಸಿದವರು ನೀವು. ಪೆಟ್ಟಿಗೆ ತೆಗೆಸಿ ಮುಖ ನೋಡಿದವರು ನಾವು. ಶತ್ರುಗಳ ಶೆಲ್ಲಿನ ಚೂರು ಬೆನ್ನಿಗೆ ಹೊಕ್ಕಿತ್ತು, ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಆದರೆ ಬಾಯಿ ಇಷ್ಟಗಲ ತೆರೆದಿತ್ತು. ಅತ್ತೆ ಗಲ್ಲದ ಕೆಳಗಿನಿಂದ ಬಟ್ಟೆ ಕಟ್ಟಿ ಮುಚ್ಚಲು ನೋಡಿದರು, ಆಗಲಿಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಮಿಲಿಟರಿ ಸಾಹೇಬರು ಮುಖ ಆ ಕಡೆ ತಿರುಗಿಸಿಕೊಂಡರು. ಆ ಬಾಯಿಗೇ ನೀರು ಬಿಟ್ಟು, ಹಾಗೆಯೇ ಮಣ್ಣು ಮಾಡಿದೆವು.

"ಅಮ್ಮಾ ಅಂತ ಕೂಗವ್ನೆ ನನ್ ಮಗ. ಯಾರ್ಗೂ ಕೇಳ್ಸಿಲ್ಲ" ಎಂದರು ಅತ್ತೆ. ಅಮ್ಮಾ ಅಂತ ಅಲ್ಲ, ನನ್ನ ಹೆಸರನ್ನೇ ಕೂಗಿರುತ್ತಾರೆ ಎಂದು ನನ್ನ ಮನಸ್ಸು ಹಟ ಹಿಡಿದಿತ್ತು. ಒಂದೇ ಮನೆಯಲ್ಲಿದ್ದು ಅತ್ತೆ ಸೊಸೆ ಇದಕ್ಕಾಗಿ ಒಳಗೊಳಗೇ ಹೊಟ್ಟೆಕಿಚ್ಚುಪಟ್ಟೆವು ಎಂದರೆ ನೀವು ನಗುತ್ತೀರೇನೋ. ನನಗೆ ಈಗಲೂ ನಗು ಬರುವುದಿಲ್ಲ.

ಅಂದಿನಿಂದ ಅತ್ತೆ ಓಗೊಡಲು ಶುರುಮಾಡಿದರು. ಸೊಪ್ಪು ಬಿಡಿಸುತ್ತಾ ಕೂತವರು ತಟಕ್ಕನೆ ತಲೆಯೆತ್ತಿ "ಆಂ, ಬಂದೆ ಕಣಪ್ಪ" ಎನ್ನುತ್ತಾರೆ. ಸೊಪ್ಪನ್ನು ಕೆಳಗಿಟ್ಟು ಬಾಗಿಲತನಕ ಹೋಗುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ತಿರುಗಿ ಬಂದು ಮತ್ತೆ ಸೊಪ್ಪು ಬಿಡಿಸುತ್ತಾರೆ. ಡಾಕ್ಟರಿಗೆ ತೋರಿಸಿದ್ದಾಯಿತು, ದೇವರಿಗೆ ಹರಕೆ ಹೊತ್ತಿದ್ದಾಯಿತು. ಈಗ ಎಂಬತ್ತು ದಾಟಿದೆ, ಮಂಡಿ ಹೋಗಿದೆ, ಆದರೂ ಏಳುತ್ತಾರೆ. ಹೋದ ವರ್ಷ ಹೀಗೆ ಎದ್ದು ಹೊಸಿಲ ಹತ್ತಿರ ಬಿದ್ದು ಸೊಂಟ ಮುರಿದುಕೊಂಡರು. ಇನ್ನೊಮ್ಮೆ ಬಿದ್ದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ನನ್ನ ಭಯ ಬೇರೆ. ಜೀವ ಹೋಗುವ ಗಳಿಗೆಯಲ್ಲೂ ಈ ಮುದುಕಿ ಮಗ ಕೂಗಿದ ಎಂದು ಎದ್ದು ಓಡುತ್ತಾಳೇನೋ, ನೆಮ್ಮದಿಯಾಗಿ ಕಣ್ಣು ಮುಚ್ಚುವುದೂ ಅವಳ ಹಣೆಯಲ್ಲಿ ಬರೆದಿಲ್ಲವೇನೋ ಎಂದು.

ಪಿ.ಜಿ.ಗೆ ಹೊಸದಾಗಿ ಸೇರುವ ಹುಡುಗಿಯರಿಗೆ ಗೀಸರಿನ ಸ್ವಿಚ್ ತೋರಿಸುವಾಗಲೇ ಇದನ್ನೂ ಹೇಳಿಬಿಡುತ್ತೇನೆ, ಅಜ್ಜಿ ಹೀಗೆ ಓಗೊಡುತ್ತಾರೆ, ಹೆದರಬೇಡಿ ಎಂದು. ನನಗೆ ಇಂಥದ್ದೆಲ್ಲ ಇಲ್ಲ. ಇಷ್ಟು ಹುಡುಗಿಯರಿಗೆ ಕಾಲೇಜಿನ ಹೊತ್ತಿಗೆ ತಿಂಡಿ ಆಗಬೇಕಾದ ಮನೆಯಲ್ಲಿ ಇಲ್ಲದ ದನಿ ಕೇಳಿಸಿಕೊಳ್ಳಲು ನನಗೆಲ್ಲಿದೆ ಪುರುಸೊತ್ತು?

ಈ ಸಲ ಬಂದದ್ದು ರಕ್ಷಾಳ ಕಾಟಕ್ಕೆ. ಅಪ್ಪ ಹೋದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. "ಅಪ್ಪನ್ ಜೊತೆ ಇದ್ದೋರಮ್ಮ ಅವ್ರೆಲ್ಲ. ಒಂದ್ಸಲ ಹೋಗ್ಬಾ. ಸರಿ ಬರ್ಲಿಲ್ಲ ಅಂದ್ರೆ ಎದ್ ಬಂದ್ಬಿಡು" ಎಂದಳು. ಮಗಳ ಮಾತನ್ನು ಅಕ್ಷರಶಃ ನಡೆಸಿಕೊಟ್ಟೆ, ನೋಡಿ.

ಅಟ್ಟೂರಿನಲ್ಲಿ ಬಸ್ಸಿಳಿದಾಗಲೇ ಕಾಲು ಹಿಂದೆ ಎಳೆಯುತ್ತಿತ್ತು. ಆಗ ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಬಚ್ಚಲ ಸಾಮಾನಿನ ಅಂಗಡಿ. ಅವರ ಪೆಟ್ಟಿಗೆ ಇಟ್ಟಿದ್ದ ಕಡೆ ಸಾಲಾಗಿ ವಾಷ್‌ಬೇಸಿನ್‌ಗಳು. ಅಲ್ಲಿಂದಲೇ ವಾಪಸ್ ಹೊರಟಿದ್ದೆ, ಅಷ್ಟರಲ್ಲಿ ನಂದಕುಮಾರ್ ಸ್ಕೂಟರಿನಲ್ಲಿ ಬಂದು "ಅತ್ಗೆ, ಹತ್ತಿ" ಎಂದ. ಹತ್ತಿದೆ.

ತಾರಸಿಯ ಮೇಲೆ ನೀವೆಲ್ಲ ಒಳ್ಳೆಯ ಕಿವಿ ಯಾವ ಕಡೆ ಇದೆಯೋ ಆ ಕಡೆಗೆ ತಲೆ ವಾಲಿಸಿ, ಜಗಳವಾಡುತ್ತಿರುವವರ ಹಾಗೆ ಅರಚಾಡುತ್ತಿದ್ದಿರಿ. ಹೆಂಗಸರು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದೆವು. ಅಷ್ಟರಲ್ಲಿ ಏರ್ ಶೋ ವಿಮಾನ ಬಂತು. ಯಲಹಂಕದ ಕಡೆಯಿಂದ ತಲೆಯ ಮೇಲೆಯೇ, ತಟ್ಟೆಗಳು ನಡುಗುವ ಹಾಗೆ. ನಾವೆಲ್ಲ ಮೇಲೆ ನೋಡಿದೆವು. ನಾನು ಕಣ್ಣು ಕೆಳಗಿಳಿಸಿದರೆ, ನಿಮ್ಮಲ್ಲಿ ಒಬ್ಬರೂ ಮೇಲೆ ನೋಡುತ್ತಿಲ್ಲ. ಎಲ್ಲರೂ ಪಕ್ಕಕ್ಕೆ ತಿರುಗಿ, ತಲೆ ತಗ್ಗಿಸಿ, ಕಿವಿಗೆ ಕೈ ಒತ್ತಿ ನಿಂತಿದ್ದಿರಿ. ಎಲ್ಲರ ಬಾಯಿಯೂ ತೆರೆದಿತ್ತು. ನಂದಕುಮಾರನ ಬಾಯಲ್ಲಿ ಮುದ್ದೆಯ ತುತ್ತು ಹಾಗೇ ಇತ್ತು.

ಅಣ್ಣ, ಅದು ನಮ್ಮವರ ಬಾಯಿ. ಅಷ್ಟೇ ಅಗಲ, ಅದೇ ರೀತಿ.

ಪಕ್ಕದಲ್ಲಿದ್ದ ಸುಗ್ರಾ, ನಿಮ್ಮ ಫಿರಂಗಿಯ ಗಾಡಿ ಓಡಿಸುತ್ತಿದ್ದ ಡ್ರೈವರ್ ಸಾಬರ ಹೆಂಡತಿ, ನನ್ನ ಮುಖ ನೋಡಿ ನಕ್ಕಳು. "ನಮ್ಮೋರೂ ಅಷ್ಟೇ ಅಕ್ಕಾ. ದೀಪಾವಳಿ ಬಂದ್ರೆ ಆರ್.ಟಿ. ನಗರ್ ತುಂಬ ಪಟಾಕಿ, ಇವ್ರು ಮನೆ ತುಂಬ ಬಾಯ್ ತೆಕ್ಕೊಂಡು ಓಡಾಡ್ತಾರೆ. ಕುಕ್ಕರ್ ಸೀಟಿಗೂ ತೆಗೀತಾರೆ" ಎಂದಳು.

ಆಗಲೇ ನಾನು ಎದ್ದು ನಿಮ್ಮ ಹತ್ತಿರ ಬಂದು, ಯಾಕೆ ಬಾಯಿ ತೆಗೆದಿರಿ ಎಂದು ಕೇಳಿದ್ದು. ಯಾರು ತೆಗೆದರು ಎಂದು ನೀವು ಸುತ್ತಲೂ ನೋಡಿದಿರಿ. ನಿಮಗೇ ಗೊತ್ತಿರಲಿಲ್ಲ. ಆಮೇಲೆ ಮಗುವಿಗೆ ಪಾಠ ಹೇಳುವ ಹಾಗೆ ಹೇಳಿದಿರಿ: "ಗನ್ ಹಾರ್ಸೋವಾಗ ಬಾಯಿ ತೆರೀಲೇಬೇಕಮ್ಮ. ಮುಚ್ಕೊಂಡಿದ್ರೆ ಆ ಶಬ್ದಕ್ಕೆ ಕಿವಿ ಒಳಗಡೆ ಹರಿದೋಗುತ್ತೆ. ಸೇರಿದ್ ಮೊದಲ್ನೇ ದಿನಾನೇ ಬೈದು ಕಲಿಸ್ತಾರೆ. ಆಮೇಲೆ ಅದಾಗ್ ಅದೇ ತೆರೆಯುತ್ತೆ." ನಾನು ಕೂಗಿ ಕೇಳಿದೆ, ಅಶ್ವತ್ಥ್ ಹೋದ ಗಳಿಗೆಯಲ್ಲಿ ನೀವು ಫಿರಂಗಿ ಹಾರಿಸುವುದರಲ್ಲಿದ್ದಿರೇ ಎಂದು. ನೀವು ಬಲಗೈಯನ್ನು ಹೀಗೆ ಮೇಲೆತ್ತಿದಿರಿ. "ಕೈ ಎತ್ತಿದ್ದೆನಮ್ಮ. ಫೈರ್ ಅನ್ನೋದಷ್ಟೇ ಬಾಕಿ. ಅಷ್ಟ್ರಲ್ಲಿ ಅವರ ಶೆಲ್ಲು ಬಂದು ಬಿತ್ತು" ಎಂದಿರಿ. ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲೇ ಇಲ್ಲ.

ನಾನು ಯಾಕೆ ಕೇಳಿದೆನೆಂದು ನಿಮಗೆ ಗೊತ್ತಿರಲಿಲ್ಲ. ಹಾಗಾಗಿ ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಮಾತು ಅದಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ನಿಮ್ಮ ಒಂದು ಮಾತನ್ನು ನಂಬಿದ್ದು ಅದೇ ಮೊದಲು. ಅವರು ಕೂಗಲಿಲ್ಲ. ಅಮ್ಮಾ ಅನ್ನಲಿಲ್ಲ, ರಾಧಾ ಅನ್ನಲಿಲ್ಲ. ತಮ್ಮ ಜಾಗದಲ್ಲಿ ನಿಂತು, ಬಾಯಿ ತೆರೆದು, ಮುಂದಿನ ಶಬ್ದಕ್ಕೆ ಕಾಯುತ್ತಿದ್ದರು. ನೀವು ಹೇಳಿದ್ದು ನಿಜ, ಒಂದು ಮಾತೂ ಆಡಲಿಲ್ಲ. ಅಲ್ಲಿ ಅಳಬಾರದೆಂದು ಎದ್ದು ಬಂದೆ. ಬಸ್ಸಿನಲ್ಲಿ ಹೆಬ್ಬಾಳ ಬರುವತನಕ ಅಳುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಂಗಸು ಜರುಗಿ ಕೂತಳು.

ಮಾರನೆಯ ದಿನ ಅತ್ತೆಗೆ ತಲೆ ಬಾಚುತ್ತಾ ಎಲ್ಲ ಹೇಳಿದೆ. ನಿಮ್ಮ ಹಾಗೆ ಪಕ್ಕಕ್ಕೆ ತಿರುಗಿ, ಕಿವಿ ಮುಚ್ಚಿ, ಬಾಯಿ ತೆರೆದೂ ತೋರಿಸಿದೆ. ನಿಮ್ಮ ಮಗ ನೋವಿನಲ್ಲಿ ಕೂಗಲಿಲ್ಲ, ಅವರ ಪಾಡಿಗೆ ಅವರು ಕೆಲಸ ಮಾಡುತ್ತಿದ್ದರು, ಇನ್ನು ನೀವು ಎದ್ದೆದ್ದು ಓಡಬೇಡಿ ಎಂದೆ. ಸಂತೋಷಪಡುತ್ತಾರೆಂದುಕೊಂಡಿದ್ದೆ. ಅವರು ನನ್ನ ಬಾಯನ್ನೇ ನೋಡಿದರು. ಆಮೇಲೆ ಕೇಳಿದರು:

"ಅಂಗಾದ್ರೆ ಇಷ್ಟ್ ವರ್ಸದಿಂದ ನನ್ನ ಕೂಗ್ತಿರೋನು ಯಾವನೇ?"

ಕೂದಲು ಗಂಟು ಹಾಕಿ ಎದ್ದು ಬಂದೆ. ಒಳ್ಳೆಯದು ಮಾಡಲು ಹೋಗಿ, ಆ ಮುದಿ ಜೀವಕ್ಕೆ ಉಳಿದಿದ್ದ ಮಗನ ದನಿಯನ್ನೂ ಕಿತ್ತುಕೊಂಡೆನೇ ಎಂದು ಸಂಕಟವಾಗುತ್ತಿದೆ. ನೀವು ಒಮ್ಮೆ ಬನ್ನಿ ಅಣ್ಣ. ಅವರ ಪಕ್ಕದಲ್ಲಿ ನಿಂತಿದ್ದವರು ನೀವು, ಏನು ಹೇಳಬೇಕೋ ನೀವೇ ಹೇಳಿ. ಏನೂ ತೋಚದಿದ್ದರೆ ಅತ್ತೆಯ ಹತ್ತಿರ ಸುಮ್ಮನೆ ಕೂತಿದ್ದು ಹೋಗಿ. ಆವತ್ತು ಜಗಲಿಯಲ್ಲಿ ಕೊಡದ ಕಾಫಿ ಕೊಡುತ್ತೇನೆ.

ಗಂಗರತ್ನಮ್ಮಕ್ಕನಿಗೆ ನನ್ನ ನೆನಪು ಹೇಳಿ.

ನಿಮ್ಮ ತಂಗಿಯೆಂದುಕೊಳ್ಳಿ,
ರಾಧಾಮಣಿ

ಮರೆತಿದ್ದೆ: ಆ ದಿನದಿಂದ ಅತ್ತೆ ಒಮ್ಮೆಯೂ ಓಗೊಟ್ಟಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾರೆ, ಅಷ್ಟೇ. ಮೇಲೆ ಒಂದು ಮಾತು ಬರೆದಿದ್ದೇನೆ, ನನಗೆ ಇಂಥದ್ದೆಲ್ಲ ಇಲ್ಲ ಎಂದು. ಅದನ್ನು ಹೊಡೆದುಹಾಕಬೇಕೆಂದುಕೊಂಡೆ, ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಿದ್ದವಳು "ಬಂದೆ ರೀ" ಎಂದು ಸೌಟು ಕೆಳಗಿಟ್ಟು ಬಾಗಿಲತನಕ ಹೋಗಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಕೂತಲ್ಲಿಂದಲೇ ನನ್ನನ್ನು ನೋಡಿ, "ಕೊನೆಗೂ ನಿನ್ನ ಕರದ್ನೇನೆ?" ಎಂದರು.